ಬರೆಯ ಕೆಳಗಿನ ಮನೆ: ಮಳೆಗಾಲಕ್ಕೆ ನಮ್ಮ ತಯಾರಿ

ನಮ್ಮ ಮನೆ ಇರುವುದು ಮಡಿಕೇರಿ ತಾಲ್ಲೂಕಿನಲ್ಲಿ. ಹಿಂದೆ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ; ಅದರ ಮೇಲೆ ಕಾಫಿ ತೋಟ, ಕೆಳಗೆ ತೋಡು (ಹಳ್ಳ). ಬರೆ ಕುಸಿಯುವ ಭಯವಿರುವುದರಿಂದ, ಯಾವಾಗ ಮನೆ ಬಿಡಬೇಕೆಂಬುದನ್ನು ಮೇ ತಿಂಗಳಲ್ಲೇ ತೀರ್ಮಾನಿಸಿ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿಡುತ್ತೇವೆ. ಜಡಿಮಳೆಯ ರಾತ್ರಿ ಕೂತು ಮಾತಾಡಲು ಹೊರಟರೆ ‘ಇನ್ನೊಂದು ಗಂಟೆ ನೋಡೋಣ’ ಎನ್ನುವವರ ಮಾತೇ ನಡೆಯುವುದು.

ತೀರ್ಮಾನಕ್ಕೆ ಆಧಾರ ಮಳೆಮಾಪಕ. ಕೊಡಗಿನ ಹೆಚ್ಚಿನ ತೋಟಗಳಲ್ಲಿ ಅದು ಇದ್ದೇ ಇದೆ. ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಎಲ್ಲರಿಗೂ ಬಾಯಿಪಾಠ. ಹವಾಮಾನ ಇಲಾಖೆ 24 ಗಂಟೆಯಲ್ಲಿ 115.6 ಮಿ.ಮೀ.ಗೆ ಆರೆಂಜ್, 204.4 ಮಿ.ಮೀ. ದಾಟಿದರೆ ರೆಡ್ ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು ನಾಲ್ಕೂವರೆ ಇಂಚು, ಎಂಟು ಇಂಚು. ನಾಲ್ಕೂವರೆ ಇಂಚಿಗೆ ಚೀಲಗಳು ಜೀಪಿಗೆ. ಎಂಟು ಆದರೆ, ಇಲ್ಲವೇ ಮೂರು ದಿನದ ಮಳೆ ಸೇರಿ 15 ಇಂಚು ದಾಟಿದರೆ, ಕತ್ತಲಾಗುವ ಮುಂಚೆ ಮನೆ ಖಾಲಿ. ಮೂರು ದಿನದ ಅಳತೆ ನಾವೇ ಇಟ್ಟುಕೊಂಡದ್ದು. ಬರೆ ಇನ್ನೂ ಕಡಿದಾಗಿದ್ದರೆ ಅದನ್ನು ಇಳಿಸಿಕೊಳ್ಳಿ. ಬೆಳಿಗ್ಗೆ ಒಮ್ಮೆ ಅಳೆದರೆ ಸಾಲದು, ಸಂಜೆ ನಾಲ್ಕಕ್ಕೂ ನೋಡಬೇಕು. ರಾತ್ರಿ ಹೊರಡುವ ಪ್ರಸಂಗ ತಪ್ಪುವುದು ಆ ಸಂಜೆಯ ಅಳತೆಯಿಂದಲೇ.

2018ರಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ: ಕೊಡಗಿನ ಈ ಎಲ್ಲ ಗುಡ್ಡ ಕುಸಿತವೂ ಆಗಸ್ಟ್ ತಿಂಗಳದ್ದು. ಜೂನ್, ಜುಲೈ ಪೂರ್ತಿ ನೀರು ಕುಡಿದ ಮಣ್ಣಿಗೆ ಮತ್ತೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಜೂನ್‌ನ ಐದು ಇಂಚೂ ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮುಗಿಯುವ ಹೊತ್ತಿನ ಐದು ಇಂಚೂ ಒಂದೇ ಅಲ್ಲ.

ಮಾಪಕ ಏನೇ ಹೇಳಲಿ, ನೆಲ ಹೇಳಿದರೆ ಹೊರಟೇಬಿಡಬೇಕು. ಬರೆಯ ಬುಡದಲ್ಲಿ ಹೊಸದಾಗಿ ನೀರು ಉಕ್ಕುವುದು, ಸರಿಯಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಕರೆಂಟ್ ಕಂಬ ಅಥವಾ ಸಿಲ್ವರ್ ಮರ ವಾಲುವುದು, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು. ಎಲ್ಲಕ್ಕಿಂತ ಭಯದ್ದು, ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇಳಿಯುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರುತ್ತದೆ.

ತೋಟದಲ್ಲಿ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಹಾಕುತ್ತೇವೆ. ಮೊಳೆಯಿಂದ ಮೊಳೆಗೆ ಟೇಪ್ ಹಿಡಿದು ಅಳತೆಯನ್ನು ಗೂಟದ ಮೇಲೇ ಬರೆದರೆ ಯಾರು ಬೇಕಾದರೂ ನೋಡಬಹುದು. ಕಣ್ಣಂದಾಜು ನಂಬಬಾರದು, ಮಳೆಗೆ ಅಂಚು ಕರಗಿ ಬಿರುಕು ಮುಚ್ಚಿದಂತೆ ಕಾಣುತ್ತದೆ. ಅಳತೆ ಹೆಚ್ಚಿತೋ, ಆ ದಿನ ಅಲ್ಲಿ ಮಲಗುವಂತಿಲ್ಲ. ಬಿರುಕಿಗೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದೆಸಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವುದು ಮಳೆ ಬಿಟ್ಟಾಗಿನ ಕೆಲಸ. ಮನೆಯ ನೇರ ಮೇಲಿನ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿಗಳಿದ್ದರೆ (ನೀರು ಇಂಗಲು ಕಾಫಿ ಗಿಡಗಳ ನಡುವೆ ತೋಡಿದ ಗುಂಡಿಗಳು) ಮೇ ತಿಂಗಳಲ್ಲೇ ಮುಚ್ಚುತ್ತೇವೆ. ಬೇಸಿಗೆಯಲ್ಲಿ ಕಾಫಿಗೆ ತಂಪು ಕೊಡುವ ಗುಂಡಿಯೇ ಮಳೆಗಾಲದಲ್ಲಿ ನೀರನ್ನು ಬರೆಯೊಳಕ್ಕೆ ಇಳಿಸುತ್ತದೆ.

ಚೀಲ ತಲೆಗೊಂದು, ಎಂಟು ಕೆ.ಜಿ.ಯೊಳಗೆ. ರಸ್ತೆ ಮುಚ್ಚಿದರೆ ಅದನ್ನು ಹೊತ್ತೇ ನಡೆಯಬೇಕು. ಒಂದು ಜೊತೆ ಬಟ್ಟೆ, ಕಂಬಳಿ, ಎರಡು ಲೀಟರ್ ನೀರು, ಅವಲಕ್ಕಿ, ಬೆಲ್ಲ, ಹದಿನೈದು ದಿನದ ಮಾತ್ರೆ ಮತ್ತು ವೈದ್ಯರ ಚೀಟಿ, ಪ್ಯಾಡ್, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಪವರ್ ಬ್ಯಾಂಕ್, ಜಿಗಣೆಗೆ ಉಪ್ಪಿನ ಗಂಟು. ಕೊಡೆ ಬೇಡ, ರೇನ್‌ಕೋಟ್ ಬೇಕು; ಎರಡೂ ಕೈ ಖಾಲಿ ಇರಬೇಕು. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಫೋನಿನಿಂದ ಕರೆ ಹೋಗದು. ಹಾಗಾಗಿ ನಂಟರ ನಂಬರ್, ಜಿಲ್ಲಾಡಳಿತದ 1077, ತುರ್ತಿನ 112 ಎಲ್ಲವೂ ಕಾಗದದಲ್ಲಿರುತ್ತವೆ. ಬೇರೆ ಬೇರೆಯಾದರೆ ಸೇರಬೇಕಾದ ಜಾಗವೂ ಅದರಲ್ಲೇ.

ಕಾಗದಪತ್ರದಲ್ಲಿ ಮತ್ತೆ ಸಿಗುವುದು ಯಾವುದು, ಸಿಗದಿರುವುದು ಯಾವುದು ಎಂದು ಬೇರೆ ಮಾಡಿ. ಪಹಣಿ, ಆಧಾರ್ ಮತ್ತೆ ತೆಗೆಸಬಹುದು, ನಂಬರ್ ಬರೆದಿಟ್ಟರೆ ಆಯಿತು. ಹಳೆಯ ಪಾಲುಪತ್ರ, ಕ್ರಯಪತ್ರ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ದಾಖಲೆ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪತ್ರ, ಮಕ್ಕಳ ಅಂಕಪಟ್ಟಿ ಇವುಗಳ ಮೂಲಪ್ರತಿಯನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೂನ್‌ಗೆ ಮೊದಲೇ ಬಯಲಿನ ನಂಟರ ಮನೆಗೋ ಬ್ಯಾಂಕ್ ಲಾಕರಿಗೋ ಕಳಿಸುವುದೇ ಲೇಸು.

ದನದ ಹಗ್ಗದ ಬಗ್ಗೆ ಹೇಳಲೇಬೇಕು. ನೈಲಾನ್ ಹಗ್ಗದ ಗಂಟು ನೆನೆದು, ದನ ಗಾಬರಿಯಿಂದ ಜಗ್ಗಿದರೆ ಉಗುರಿಗೂ ಸಿಗದು. ಮಳೆಗಾಲಕ್ಕೆ ನಾವು ತೆಂಗಿನ ನಾರಿನ ಹಗ್ಗ ಹಾಕಿ, ಎಳೆದರೆ ಬಿಚ್ಚುವ ಜಾರುಗಂಟು ಕಟ್ಟುತ್ತೇವೆ. ಕೊಟ್ಟಿಗೆಯ ಕಂಬಕ್ಕೆ ಹರಿತವಾದ ಕತ್ತಿ ಸಿಕ್ಕಿಸಿರುತ್ತೇವೆ. ಕರೆದೊಯ್ಯಲು ಆಗದಿದ್ದರೆ ಬಿಚ್ಚಿಬಿಡಬೇಕು; ಕಟ್ಟಿ ಹೋಗುವುದು ಕೊಂದಂತೆಯೇ. ನಾಯಿಗೂ ಅದೇ ಮಾತು.

ಜೀಪು ರಸ್ತೆಗೆ ಮುಖಮಾಡಿ ನಿಂತಿರಲಿ, ಡೀಸೆಲ್ ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ. ಬಿದ್ದ ಮರ ಸರಿಸಲು ಗರಗಸ, ಹಗ್ಗ ಒಳಗಿರಲಿ. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಬಿಚ್ಚಿ, ಮೇನ್ ಸ್ವಿಚ್ ಆಫ್ ಮಾಡಿ. ಲೈನ್ ಮನೆಯವರಿಗೆ (ತೋಟದ ಕೆಲಸದವರ ಸಾಲು ಮನೆಗಳಲ್ಲಿರುವವರಿಗೆ) ಹೇಳುವುದು ಮೊದಲು, ನಮ್ಮ ಚೀಲ ಎತ್ತುವುದು ಆಮೇಲೆ: ಊರಿಗೆ ಹೊಸಬರಾದ ಕೆಲಸದವರಿಗೆ ದಾರಿಯೂ ತಿಳಿದಿರುವುದಿಲ್ಲ, ಕಾಳಜಿ ಕೇಂದ್ರ (ಸರ್ಕಾರದ ಪರಿಹಾರ ಶಿಬಿರ) ಎಲ್ಲಿದೆಯೆಂಬುದೂ. ನಡೆಯಲಾಗದವರನ್ನು ಎರಡು ಬಿದಿರು ಗಳಕ್ಕೆ ಗಟ್ಟಿ ಕಂಬಳಿ ಸುತ್ತಿ ಹೊರಬಹುದು. ನಾಲ್ಕು ಜನ ಬೇಕು. ದಾರಿಯಲ್ಲಿ ಗುಡುಗಿನಂಥ ಸದ್ದೋ ಮರ ಮುರಿಯುವ ಸದ್ದೋ ಕೇಳಿದರೆ ತೋಡಿನ ಜಾಡಿನಲ್ಲಿ ಕೆಳಗೆ ಓಡಬೇಡಿ, ಅಡ್ಡಕ್ಕೆ, ಗುಡ್ಡದ ಎತ್ತರದ ಏಣಿನ (ದಿಬ್ಬದ ಬೆನ್ನಿನ) ಕಡೆ ಹೋಗಿ.

ಮಳೆ ನಿಂತಿತೆಂದು ಅದೇ ದಿನ ಮರಳುವುದಿಲ್ಲ. ಒಳಗಿನ ನೀರು ಇನ್ನೂ ಇಳಿಯುತ್ತಿರುತ್ತದೆ. ಹಗಲಲ್ಲಿ ಇಬ್ಬರು ಹೋಗಿ ಮೊದಲು ಗೂಟ ಅಳೆಯುತ್ತೇವೆ. ಬಾವಿ ಕದಡಿದ್ದರೆ ಕೆಸರು ನೀರು ಎತ್ತಿ ಹಾಕಿ, ತಿಳಿಯಾದ ಮೇಲೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. ಪುಡಿಯನ್ನು ನೇರ ಸುರಿಯದೆ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕಲಕಬೇಕು. ಒಂದು ಗಂಟೆ ಕಳೆದ ಮೇಲೆ ಸೇದಬಹುದು.