ಮಾಜಿ ಸೈನಿಕರ ಸೇವಾ ದಾಖಲೆ: ತಪ್ಪು ತಿದ್ದಿಸುವುದು, ಬಿಟ್ಟುಹೋದ ಪದಕ ಸೇರಿಸುವುದು ಹೇಗೆ?

ಸೇವಾ ದಾಖಲೆಯಲ್ಲಿನ ತಪ್ಪು ಸಾಮಾನ್ಯವಾಗಿ ಬೆಳಕಿಗೆ ಬರುವುದು ಮಾಜಿ ಸೈನಿಕರು ತೀರಿಕೊಂಡು, ಅವರ ಪತ್ನಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ. ಆಧಾರ್‌ನಲ್ಲಿ ಜಯಲಕ್ಷ್ಮಮ್ಮ ಎಂದಿರುತ್ತದೆ, ಪಿಂಚಣಿ ಪಾವತಿ ಆದೇಶ ಅಂದರೆ ಪಿಪಿಒದಲ್ಲಿ ಜಯಮ್ಮ ಎಂದಿರುತ್ತದೆ. ಇಬ್ಬರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತಿದ್ದರೂ ಕಚೇರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಸೈನಿಕರು ಬದುಕಿರುವಾಗಲೇ, ಅವರ ಸಹಿಗೆ ಬೆಲೆಯಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಮೊದಲು ಮನೆಯಲ್ಲಿರುವ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಳ್ಳಿ: ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಮೂಲ ಪಿಪಿಒ, ಆಮೇಲೆ ಬಂದ ತಿದ್ದುಪಡಿ ಪಿಪಿಒಗಳು, ಆಧಾರ್, ಪ್ಯಾನ್, ಹಾಗೂ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್‌ನಿಂದ ತೆಗೆದ ಪ್ರತಿ. ಸೈನಿಕ ಸಂಖ್ಯೆ, ಹೆಸರು, ಹುದ್ದೆ, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಪತ್ನಿಯ ಹೆಸರು, ಮಕ್ಕಳ ಹೆಸರು, ಪದಕಗಳು, ಹೀಗೆ ಒಂದೊಂದೇ ಸಾಲನ್ನು ಹೋಲಿಸಿ ನೋಡಬೇಕು. ತಪ್ಪು ಯಾವ ಕಾಗದದಲ್ಲಿ ಹುಟ್ಟಿತು ಎಂಬುದು ಗೊತ್ತಾಗದೆ ಯಾರಿಗೂ ಪತ್ರ ಬರೆಯಬೇಡಿ. ಜವಾನರ ಮತ್ತು ಜೆಸಿಒಗಳ (ಸುಬೇದಾರ್ ಮಟ್ಟದವರ) ಮೂಲ ದಾಖಲೆಯಾದ ಶೀಟ್ ರೋಲ್ ಇರುವುದು ಅವರ ರೆಕಾರ್ಡ್ ಆಫೀಸಿನಲ್ಲಿ. ಡಿಸ್ಚಾರ್ಜ್ ಬುಕ್ ಅದರ ಸಾರ ಮಾತ್ರ. ಭೂಸೇನೆಯವರ ಪಿಪಿಒವನ್ನು ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ ಪಿಂಚಣಿ ಕಚೇರಿ ಹೊರಡಿಸುತ್ತದೆ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಎರಡೂ ಸರಿಯಿದ್ದು ಸ್ಪರ್ಶ್‌ನಲ್ಲಿ ಮಾತ್ರ ಅಕ್ಷರ ತಪ್ಪಿದ್ದರೆ ಅದು ಮಾಹಿತಿ ವರ್ಗಾವಣೆಯಲ್ಲಿ ಆದ ದೋಷ. ಸ್ಪರ್ಶ್ ಸೇವಾ ಕೇಂದ್ರದ ಮೂಲಕವೇ ಮನವಿ ಸಲ್ಲಿಸಬಹುದು. ಮೂಲದಲ್ಲೇ ತಪ್ಪಿದ್ದರೆ ರೆಕಾರ್ಡ್ ಆಫೀಸ್ ಬಿಟ್ಟು ಬೇರೆ ದಾರಿಯಿಲ್ಲ.

ಬೆಂಗಳೂರಿನಲ್ಲಿ ವಾಸವಾಗಿದ್ದೇವೆ ಎಂಬ ಕಾರಣಕ್ಕೆ ದಾಖಲೆಯೂ ಇಲ್ಲೇ ಇದೆ ಎಂದು ಭಾವಿಸುವವರು ಬಹಳ. ಅದು ಸೈನಿಕರು ಯಾವ ರೆಜಿಮೆಂಟ್ ಅಥವಾ ಕೋರ್‌ಗೆ ಸೇರಿದವರು ಎಂಬುದರ ಮೇಲೆ ನಿಂತಿದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಪ್ಯಾರಾಚೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್, ಪಯನಿಯರ್ ಕೋರ್‌ಗಳ ರೆಕಾರ್ಡ್ ಆಫೀಸುಗಳು ನಮ್ಮ ಊರಿನಲ್ಲೇ ಇವೆ. ಅವರಿಗೆ ಅಷ್ಟರಮಟ್ಟಿಗೆ ಓಡಾಟ ಸುಲಭ. ಆರ್ಟಿಲರಿಯವರದು ನಾಸಿಕ್ ರೋಡ್, ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇಯವರದು ಸಿಕಂದರಾಬಾದ್, ಸಿಗ್ನಲ್ಸ್‌ನವರದು ಜಬಲ್‌ಪುರ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್ಫೆಂಟ್ರಿಯದು ಬೆಳಗಾವಿ. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿ, ನೌಕಾಪಡೆಯ ನಾವಿಕರದು ಮುಂಬಯಿಯ ಮಾನ್‌ಖುರ್ದ್‌ನಲ್ಲಿ ಇರುತ್ತದೆ. ಅಧಿಕಾರಿಗಳ ದಾಖಲೆ ದೆಹಲಿಯ ಕೇಂದ್ರ ಕಚೇರಿಗೆ ಸೇರಿದ್ದು.

ಕನ್ನಡಿಗರಿಗೆ ಹೆಚ್ಚು ಕಾಡುವುದು ಹೆಸರಿನ ತಪ್ಪು. ಭರ್ತಿಯ ದಿನ ಕನ್ನಡ ಬಾರದ ಗುಮಾಸ್ತರ ಮುಂದೆ ನಿಂತ ಹುಡುಗ ಹೇಳಿದ್ದೊಂದು, ಅವರು ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಇನ್ನೊಂದು. ಹನುಮಂತಪ್ಪ ಹನುಮಂತನಾದ, ಗೌಡ ಎಂಬುದಕ್ಕೆ ಎರಡು ಮೂರು ಕಾಗುಣಿತ ಬಂತು, ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್ ಆಗಿ ಒಮ್ಮೆ ಮುಂದೆ ಕೂತರೆ ಒಮ್ಮೆ ಹಿಂದೆ ಕೂತವು. ಇನಿಷಿಯಲ್ ಬಿಡಿಸಿ ಬರೆದರೆ ಆಧಾರ್‌ಗೆ ಹೊಂದುತ್ತದೆ, ಸೇನಾ ದಾಖಲೆಗೆ ಹೊಂದುವುದಿಲ್ಲ. ಇಂಥ ಕಡೆ ನನ್ನ ಸಲಹೆ ಇಷ್ಟೆ: ಸೇನಾ ದಾಖಲೆಯಲ್ಲಿರುವ ಹೆಸರು ಅರ್ಥವಾಗುವಂತಿದ್ದರೆ ಆಧಾರ್ ಮತ್ತು ಪ್ಯಾನ್ ಅನ್ನೇ ಅದಕ್ಕೆ ಸರಿಹೊಂದಿಸಿಕೊಳ್ಳಿ, ಅದು ವಾರಗಳ ಕೆಲಸ, ಸೇನಾ ದಾಖಲೆ ತಿದ್ದಿಸುವುದು ತಿಂಗಳುಗಳದ್ದು. ಪತ್ನಿಯ ಹೆಸರು ಮದುವೆಯ ಮನೆಯಲ್ಲಿ ಬದಲಾಗಿದ್ದರೆ, ಅಥವಾ ಮನೆಯಲ್ಲಿ ಕರೆಯುವ ಹೆಸರೇ ದಾಖಲೆಯಲ್ಲಿ ಕೂತಿದ್ದರೆ ಮಾತ್ರ ತಿದ್ದುಪಡಿ ಅನಿವಾರ್ಯ. ಆಗ ಎರಡು ಹೆಸರೂ ಒಬ್ಬರದೇ ಎಂಬ ಅಫಿಡವಿಟ್, ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆಯ ಇಡೀ ಪುಟ, ಆಧಾರ್, ಪ್ಯಾನ್, ದಂಪತಿಯ ಜಂಟಿ ಭಾವಚಿತ್ರ, ಇವುಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ಪ್ರಕಟಣೆಯನ್ನು ಕತ್ತರಿಸಿ ಕಳುಹಿಸಬೇಡಿ; ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣಬೇಕು.

ಜನ್ಮದಿನಾಂಕದ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಮೇಷ್ಟ್ರು ಎಲ್ಲರಿಗೂ ಜೂನ್ 1 ಎಂದು ಬರೆದುಕೊಂಡ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಆದರೂ ಭರ್ತಿಯ ಸಮಯದಲ್ಲಿ ಒಪ್ಪಿಕೊಂಡ ದಿನಾಂಕವನ್ನೇ ಸೇನೆ ಅಂತಿಮವೆಂದು ಹಿಡಿಯುತ್ತದೆ, ಬರವಣಿಗೆಯ ದೋಷವನ್ನು ಮಾತ್ರ ತಿದ್ದುತ್ತದೆ. ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಜನ್ಮವರ್ಷ ಸೇನಾ ಕೇಂದ್ರ ಕಚೇರಿಯ ಒಂದು ಶಾಖೆಯಲ್ಲಿ 1950 ಎಂದೂ ಮತ್ತೊಂದು ಶಾಖೆಯಲ್ಲಿ 1951 ಎಂದೂ ದಾಖಲಾಗಿತ್ತು. 2012ರಲ್ಲಿ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಅರ್ಜಿಯನ್ನು ಹಿಂಪಡೆಯಬೇಕಾಯಿತು. ದಿನಾಂಕ ತಪ್ಪಾಗಿರುವುದು ಬೇರೆ, ನಮೂದೇ ಆಗದಿರುವುದು ಬೇರೆ. ಹಳೆಯ ಪಿಪಿಒಗಳಲ್ಲಿ ಪತ್ನಿಯ ಜನ್ಮದಿನಾಂಕ ಖಾಲಿ ಇರುವುದುಂಟು. ಅದನ್ನು ಖಂಡಿತ ಸೇರಿಸಿಕೊಳ್ಳಿ. ಏಕೆಂದರೆ 80 ವರ್ಷ ತುಂಬಿದವರಿಗೆ ಸಿಗುವ ಶೇ 20ರ ಹೆಚ್ಚುವರಿ ಪಿಂಚಣಿ ಕುಟುಂಬ ಪಿಂಚಣಿದಾರರಿಗೂ ಅನ್ವಯಿಸುತ್ತದೆ, ವಯಸ್ಸು ಗೊತ್ತಿಲ್ಲದೆ ಅದು ಶುರುವಾಗುವುದಿಲ್ಲ.

ಇನ್ನು ಪದಕಗಳು. ಕೆಲವು ಪದಕಗಳು ನಿರ್ದಿಷ್ಟ ದಿನ ಅಥವಾ ನಿರ್ದಿಷ್ಟ ಅವಧಿ ಸೇವೆಯಲ್ಲಿದ್ದುದಕ್ಕೇ ಸಲ್ಲುತ್ತವೆ: 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೆಯದು, 9, 20 ಮತ್ತು 30 ವರ್ಷಗಳ ದೀರ್ಘ ಸೇವಾ ಪದಕಗಳು. 1968ರಲ್ಲಿ ಸೇರಿ 1985ರಲ್ಲಿ ಬಿಡುಗಡೆಯಾದವರ ಪುಸ್ತಕದಲ್ಲಿ 1971ರ ಯುದ್ಧಕಾಲದ ಸಂಗ್ರಾಮ್ ಪದಕ, 25ನೇ ವಾರ್ಷಿಕೋತ್ಸವ ಪದಕ, 9 ವರ್ಷದ ಪದಕ ಇವೆಯೇ ಎಂದು ಮೊದಲು ನೋಡಬೇಕು. ಇವು ಬಿಟ್ಟುಹೋಗಿದ್ದರೆ ಸೇವಾವಧಿಯೇ ಸಾಕ್ಷಿ. ಎರಡನೆಯ ಗುಂಪು ಎಲ್ಲಿ ಸೇವೆ ಸಲ್ಲಿಸಿದರು ಎಂಬುದಕ್ಕೆ ಕಟ್ಟುಬಿದ್ದದ್ದು. 1971ರಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಕಾರ್ಗಿಲ್ ಕಾಲದಲ್ಲಿ ಆಪರೇಷನ್ ವಿಜಯ್ ಸ್ಟಾರ್ ಬೇರೆ, ಆಪರೇಷನ್ ವಿಜಯ್ ಮೆಡಲ್ ಬೇರೆ. ಇಲ್ಲಿ ‘ನಾನು ಅಲ್ಲಿದ್ದೆ’ ಎಂಬ ಮಾತು ಸಾಲದು; ಆ ದಿನಗಳಲ್ಲಿ ನಿಮ್ಮ ಘಟಕ ಎಲ್ಲಿತ್ತು, ನೀವು ಆ ಘಟಕದ ಬಲದಲ್ಲಿದ್ದಿರೋ ಅಥವಾ ರಜೆ, ಕೋರ್ಸ್ ಎಂದು ಹೊರಗಿದ್ದಿರೋ ಎಂಬುದನ್ನು ಅವರು ನೋಡುತ್ತಾರೆ. ಕಾಳಗದಲ್ಲಿ ಗಾಯಗೊಂಡವರಿಗೆ ಸಲ್ಲುವ ಪರಾಕ್ರಮ್ ಪದಕಕ್ಕೆ ಆಸ್ಪತ್ರೆಯ ಕಾಗದದ ಜೊತೆಗೆ ಗಾಯವನ್ನು ಯುದ್ಧದ ಗಾಯವೆಂದು ದಾಖಲಿಸಿದ ಆದೇಶವೂ ಬೇಕು.

ಶೌರ್ಯ ಪ್ರಶಸ್ತಿಗಳದ್ದು ಬೇರೆಯೇ ಲೆಕ್ಕ. ಅವು ಭಾರತ ಗೆಜೆಟ್‌ನಲ್ಲಿ ಪ್ರಕಟವಾಗಿದ್ದರೆ ಗೆಜೆಟ್ ಪ್ರತಿ ಲಗತ್ತಿಸಿ ದಾಖಲೆಗೆ ಸೇರಿಸಿಕೊಳ್ಳಬಹುದು. ಕಮಾಂಡಿಂಗ್ ಆಫೀಸರ್ ಶಿಫಾರಸು ಮಾಡಿದ್ದರು, ಆದರೆ ಬರಲಿಲ್ಲ ಎಂಬುದು ದಾಖಲೆಯ ತಪ್ಪಲ್ಲ. ಅದನ್ನು ತಿದ್ದುಪಡಿ ಅರ್ಜಿಯಲ್ಲಿ ಬೆರೆಸಿದರೆ ಉಳಿದದ್ದೂ ಹಿಂದಕ್ಕೆ ಬೀಳುತ್ತದೆ. ಸೇನಾ ಮೆಡಲ್ ಪಡೆದವರು ಮಾತ್ರ ಒಂದು ಪದವನ್ನು ಗಮನಿಸಲೇಬೇಕು: ಅದು ಶೌರ್ಯಕ್ಕೂ ಕೊಡಲಾಗುವ, ವಿಶಿಷ್ಟ ಸೇವೆಗೂ ಕೊಡಲಾಗುವ ಪದಕ, ಮಾಸಿಕ ಭತ್ಯೆ ಇರುವುದು ಶೌರ್ಯದ್ದಕ್ಕೆ. ‘ಶೌರ್ಯ’ ಎಂಬ ಮಾತು ಬಿಟ್ಟುಹೋಗಿದ್ದರೆ ಭತ್ಯೆಯೂ ಬಿಟ್ಟುಹೋಗುತ್ತದೆ.

ಪುರಾವೆ ಎಲ್ಲಿ ಹುಡುಕಬೇಕು? ನನ್ನ ಸೋದರಮಾವನ ಡಿಸ್ಚಾರ್ಜ್ ಬುಕ್‌ನಲ್ಲಿ ಪದಕಗಳ ಪುಟ ಬಹುಪಾಲು ಖಾಲಿಯಿತ್ತು. ಅತ್ತೆಯ ಟ್ರಂಕಿನಲ್ಲಿ, ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಒಂದು ಪದಕ ಸಿಕ್ಕಿತು. ಅದರ ಮುಖವನ್ನು ಎಲ್ಲರೂ ನೋಡಿದ್ದರು, ಅಂಚನ್ನು ಯಾರೂ ನೋಡಿರಲಿಲ್ಲ. ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ನಿಧಾನವಾಗಿ ತಿರುಗಿಸಿದಾಗ ಸೈನಿಕ ಸಂಖ್ಯೆ, ಹುದ್ದೆ, ಹೆಸರು ಸಣ್ಣ ಅಕ್ಷರಗಳಲ್ಲಿ ಕೊರೆದಿದ್ದವು. ಅಂಗಡಿಯಲ್ಲಿ ಕೊಂಡ ಪದಕಕ್ಕೆ ಹೀಗೆ ಹೆಸರಿರುವುದಿಲ್ಲ; ಸರ್ಕಾರವೇ ಕೊಟ್ಟದ್ದು ಎಂಬುದಕ್ಕೆ ಅದೇ ಗುರುತು. ಆ ಅಂಚಿನ ಮೂರು ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿದೆವು. ಅರ್ಹತೆ ದಾಖಲಾಗುವುದು ಬೇರೆ, ಪದಕ ಕೈಗೆ ಬರುವುದು ಬೇರೆ ಎಂಬುದೂ ನೆನಪಿರಲಿ; ಎಷ್ಟೋ ಜನರ ಪುಸ್ತಕದಲ್ಲಿ ನಮೂದಿದ್ದು, ಎದೆಯ ಮೇಲೆ ರಿಬ್ಬನ್ ಮಾತ್ರ ಇರುತ್ತದೆ. ಅಂಥವರು ಕೇಳಬೇಕಾದದ್ದು ತಿದ್ದುಪಡಿಯನ್ನಲ್ಲ, ಪದಕದ ಪೂರೈಕೆಯನ್ನು.

ಅರ್ಜಿ ಒಂದು ಪುಟ ಮೀರದಿರಲಿ. ಮೇಲ್ಭಾಗದಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಿಪಿಒ ಸಂಖ್ಯೆ; ಆಮೇಲೆ ‘ಈಗ ಇರುವುದು ಹೀಗೆ, ಇರಬೇಕಾದದ್ದು ಹೀಗೆ, ಆಧಾರ ಇಂಥ ಲಗತ್ತು’ ಎಂಬ ಮೂರೇ ಮಾತು. ಹೆಸರಿನ ತಪ್ಪಿಗೊಂದು, ಪದಕಕ್ಕೊಂದು ಪ್ರತ್ಯೇಕ ಪತ್ರವಿರಲಿ, ಏಕೆಂದರೆ ಅವು ಬೇರೆ ಬೇರೆ ಮೇಜಿಗೆ ಹೋಗುತ್ತವೆ. ರೆಕಾರ್ಡ್ ಆಫೀಸಿಗೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಿರಿ. ಶಾಲೆಯ ವರ್ಗಾವಣೆ ಪತ್ರದಂಥ ಕನ್ನಡ ಕಾಗದಗಳಿಗೆ ನೋಟರಿ ದೃಢೀಕರಿಸಿದ ಅನುವಾದ ಸೇರಿಸಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಅವರೇ ಲಿಖಿತವಾಗಿ ಕೇಳುವವರೆಗೆ ಕಳುಹಿಸಬೇಡಿ. ಪತ್ರ ಬರೆಯುವುದು ಕಷ್ಟವೆನಿಸಿದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯವರು ಬರೆಸಿ, ತಮ್ಮ ಹೊದಿಕೆ ಪತ್ರದೊಂದಿಗೆ ಕಳುಹಿಸುತ್ತಾರೆ. ದಲ್ಲಾಳಿಗಳಿಗೆ ದುಡ್ಡು ಕೊಡುವ ಅಗತ್ಯ ಖಂಡಿತ ಇಲ್ಲ. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ಪ್ರತಿಗೇ ಅಂಟಿಸಿಡಿ.

ಎರಡು ಮೂರು ತಿಂಗಳಾದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಎರಡು ಸಂಗತಿ ಕೇಳಿ: ನನ್ನ ಶೀಟ್ ರೋಲ್‌ನ ದೃಢೀಕೃತ ಪ್ರತಿ, ಮತ್ತು ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮ. 30 ದಿನಗಳಲ್ಲಿ ಉತ್ತರಿಸಬೇಕಾಗುತ್ತದೆ. ಲಿಖಿತವಾಗಿ ನಿರಾಕರಿಸಿದರೆ ಸೇನಾ ಸಿಬ್ಬಂದಿಯ ವ್ಯಾಜ್ಯಗಳ ನ್ಯಾಯಮಂಡಳಿಯಾದ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ಗೆ ಹೋಗಬಹುದು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಅದಕ್ಕೆ ಮುನ್ನ ಇಲಾಖೆಯೊಳಗಿನ ದಾರಿಗಳನ್ನೆಲ್ಲ ಮುಗಿಸಿರಬೇಕು. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸಲು ನಿಯಮದಲ್ಲೇ ಅವಕಾಶವಿದೆ. ‘ದಾಖಲೆ ನಾಶವಾಗಿದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡದೆ, ಸೇನೆಗೆ ಸೇರಿದವರ ಹೆಸರಿನ ಪಟ್ಟಿಯಾದ ಲಾಂಗ್ ರೋಲ್‌ನಲ್ಲಿರುವ ನಮೂದಿನ ಪ್ರತಿಯನ್ನು ಕೇಳಿ, ಅದನ್ನು ಉಳಿಸಿಕೊಂಡಿರುತ್ತಾರೆ.

ತಿದ್ದುಪಡಿ ಮಂಜೂರಾದರೆ, ಬದಲಾವಣೆಯನ್ನು ಅಧಿಕೃತವಾಗಿ ನಮೂದಿಸುವ ಪಾರ್ಟ್ ಟೂ ಆರ್ಡರ್ ಹೊರಡುತ್ತದೆ. ಅದರ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ಪಿಂಚಣಿಗೆ ಸಂಬಂಧಿಸಿದ ತಪ್ಪಾಗಿದ್ದಲ್ಲಿ ತಿದ್ದುಪಡಿ ಪಿಪಿಒ ಬರುವವರೆಗೂ ವಿಚಾರಿಸುತ್ತಿರಬೇಕು. ಅದು ಬಂದ ಮೇಲೆ ಸ್ಪರ್ಶ್ ಖಾತೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್, ಕ್ಯಾಂಟೀನ್ ಕಾರ್ಡ್, ಬ್ಯಾಂಕ್ ಖಾತೆ, ಈ ನಾಲ್ಕು ಕಡೆಯೂ ಅದೇ ಕಾಗುಣಿತ ಕೂತಿದೆಯೇ ಎಂದು ಅಕ್ಷರ ಅಕ್ಷರ ಓದಿ ನೋಡಿ.