ಭಜನೆ, ರಿವಾಯತ್ ಪದದ ಹಳೆ ಕ್ಯಾಸೆಟ್ ಉಳಿಸಿಕೊಳ್ಳುವ ಬಗೆ

ಕಲಬುರಗಿ, ಯಾದಗಿರಿ ಕಡೆಯ ಮನೆಗಳಲ್ಲಿ ಟ್ರಂಕು ತಡಕಾಡಿದರೆ ಇನ್ನೂ ಕ್ಯಾಸೆಟ್ ಸಿಗುತ್ತವೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನವು ಹಾಳಾದರೂ ಚಿಂತೆಯಿಲ್ಲ, ಆ ಹಾಡುಗಳು ಬೇರೆ ಕಡೆ ಇವೆ. ಜಾತ್ರೆಯ ಭಜನೆ, ಕಡಕೋಳ ಮಡಿವಾಳಪ್ಪನವರ ತತ್ವಪದ, ಅಲಾಯಿ (ಮೊಹರಂ) ಹಬ್ಬದಲ್ಲಿ ಹಾಡುವ ರಿವಾಯತ್ ಪದ, ದೊಡ್ಡಾಟ ಇವನ್ನೆಲ್ಲ ಊರಿನವರೇ ಟೇಪ್‌ರೆಕಾರ್ಡರ್ ಇಟ್ಟು ತುಂಬಿಕೊಂಡಿದ್ದರೆ ಅದಕ್ಕೆ ಎರಡನೇ ಪ್ರತಿ ಇರುವುದು ಅಪರೂಪ. ಮೊದಲು ಅವನ್ನೇ ಆರಿಸಿ ತೆಗೆಯಿರಿ.

ಸಿಕ್ಕ ಕೂಡಲೇ ಪ್ಲೇಯರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳನ್ನು ಮುರಿದುಬಿಡಿ, ಆಮೇಲೆ ರೆಕಾರ್ಡ್ ಗುಂಡಿ ಅಪ್ಪಿತಪ್ಪಿಯೂ ಕೂರುವುದಿಲ್ಲ. ಕಿಂಡಿಯಲ್ಲಿ ರೀಲಿನ ಸುತ್ತು ನೋಡಿ. ಬಿಳಿ ಬೂಷ್ಟು ಕಂಡರೆ ಅದನ್ನು ಬೇರೆಯೇ ಇಡಿ. ಓಡಿಸಿದರೆ ಪ್ಲೇಯರಿನ ಹೆಡ್ಡಿಗೆ, ಅಂದರೆ ರೀಲಿನಿಂದ ದನಿ ಓದುವ ಭಾಗಕ್ಕೆ, ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ರೀಲಿನ ಹಿಂದೆ ನಡುಮಧ್ಯದಲ್ಲಿ ಲೋಹದ ಪಟ್ಟಿಯ ಮೇಲೆ ಒಂದು ಸಣ್ಣ ಮೆತ್ತೆ ಇರುತ್ತದೆ. ಅಂಟು ಒಣಗಿ ಅದು ಉದುರಿದ್ದರೆ ರೀಲು ಹೆಡ್ಡಿಗೆ ಒತ್ತಿಕೊಳ್ಳುವುದಿಲ್ಲ, ದನಿ ಮಂಕಾಗಿ ನಡುನಡುವೆ ಮಾಯವಾಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಬೇಡದ ಇನ್ನೊಂದು ಕ್ಯಾಸೆಟ್ಟಿನ ಡಬ್ಬಿಗೆ ರೀಲನ್ನು ಬದಲಿಸುವುದೇ ಸುಲಭ.

ಪ್ಲೇಯರಿನ ಹೆಡ್ಡು ಮತ್ತು ರೀಲನ್ನು ಎಳೆಯುವ ರಬ್ಬರ್ ಗಾಲಿಯನ್ನು ಹತ್ತಿಕಡ್ಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿನ ಗ್ಲಿಸರಿನ್ ಪದರ ಕಟ್ಟುತ್ತದೆ. ಒಣಗಿದ ಮೇಲೆ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿದರೆ ಅಂಟಿಕೊಂಡ ಸುತ್ತು ಸಡಿಲಾಗುತ್ತದೆ. ಸಿ-60, ಸಿ-90 (60, 90 ನಿಮಿಷದ ಕ್ಯಾಸೆಟ್) ಇದನ್ನು ತಡೆದುಕೊಳ್ಳುತ್ತವೆ. ಸಿ-120ರ ರೀಲು ಬಲು ತೆಳು, ಅದನ್ನು ಪ್ಲೇ ಮಾಡಿಯೇ ಕೊನೆ ಮುಟ್ಟಿಸಿ.

ಹೆಡ್ಡಿನ ಪಕ್ಕ ಸ್ಪ್ರಿಂಗ್ ಹಾಕಿದ ಪುಟ್ಟ ಸ್ಕ್ರೂ ಕಾಣುತ್ತದೆ. ಹಾಡು ನಡೆಯುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ತಾಳದ ಸದ್ದು ಕೇಳಿ. ತಾಳ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಬಹಳ ಜನ ಬಿಟ್ಟುಬಿಡುವ ಕೆಲಸ ಇದು. ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಆ ಚೂಪು ಬರುವುದಿಲ್ಲ.

ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ವೈರು ಎಳೆದು ಯುಎಸ್‌ಬಿ ಆಡಿಯೊ ಇಂಟರ್‌ಫೇಸಿನ (ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಪುಟ್ಟ ಪೆಟ್ಟಿಗೆ) ಲೈನ್-ಇನ್‌ಗೆ ಹಾಕಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿದರೆ ದನಿ ಒಡೆಯುತ್ತದೆ. ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅಷ್ಟು ಸಾಕು. ಅದರ ಸೆಟ್ಟಿಂಗಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ, ವೇವ್ ಫೈಲಾಗಿ ಉಳಿಸಿ. ಡಗ್ಗಾ ಜೋರಾಗಿ ಬಿದ್ದಾಗಲೂ ಮೀಟರಿನ ಮುಳ್ಳು -6 ಡೆಸಿಬಲ್ ದಾಟದಿರಲಿ. ಸ್ಟೀರಿಯೊದಲ್ಲಿ ಒಂದು ತಾಸಿಗೆ ಸುಮಾರು 1 ಜಿಬಿ ಹಿಡಿಯುತ್ತದೆ. ಸರ್ರನೆ ಬರುವ ಸದ್ದು ತೆಗೆಯುವ ಆಟವನ್ನು ಪ್ರತಿಯ ಮೇಲೆ ಆಡಿ, ಮೂಲ ಫೈಲು ಹಾಗೇ ಇರಲಿ.

ಇನ್ನು ಬ್ಯಾಟರಿ ಸೆಟ್ಟಿನ ತೊಂದರೆ. ಸೆಲ್ಲು ಇಳಿದಾಗ ರೀಲು ನಿಧಾನ ಓಡಿ ರೆಕಾರ್ಡ್ ಆಗಿರುತ್ತದೆ. ಈಗ ಸರಿಯಾದ ವೇಗದ ಪ್ಲೇಯರಿನಲ್ಲಿ ಹಾಕಿದರೆ ಹಾಡು ಓಡೋಡಿ ಬರುತ್ತದೆ, ಗಂಡಸಿನ ದನಿ ಹುಡುಗನದಾಗುತ್ತದೆ. ಎಷ್ಟು ಇಳಿಸಬೇಕೆಂದು ಕಿವಿಯಂದಾಜಿನಲ್ಲಿ ತೀರ್ಮಾನಿಸಬೇಡಿ. ಆ ಮೇಳದ ಪೇಟಿ (ಹಾರ್ಮೋನಿಯಂ) ಮಾಸ್ತರರು ಇದ್ದರೆ ಪೇಟಿ ಮುಂದಿಟ್ಟು ಕೇಳಿ: ‘ಮುತ್ಯಾ, ನೀವು ಯಾವ ಪಟ್ಟಿಗೆ ಹಾಡ್ತಿದ್ರಿ?’ ಕರಿ ಎರಡು (ಪೇಟಿಯ ಎರಡನೇ ಕಪ್ಪು ಪಟ್ಟಿ) ಎಂದು ಹೇಳಿದರೆ, ಟೇಪಿನ ಷಡ್ಜ (ಸ ಸ್ವರ) ಕರಿ ಎರಡಕ್ಕೆ ಕೂಡುವ ತನಕ ವೇಗ ಇಳಿಸಿ. ಅದಕ್ಕೆ ಆಡಾಸಿಟಿಯ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಬಳಸಿ. ಬರೀ ಪಿಚ್ ಇಳಿಸಿದರೆ ಲಯ ಓಡುತ್ತಲೇ ಇರುತ್ತದೆ. ಸೆಲ್ಲು ಮೆಲ್ಲಗೆ ಇಳಿಯುತ್ತ ಹೋಗಿದ್ದರೆ ಪದದಿಂದ ಪದಕ್ಕೆ ಲೆಕ್ಕ ಬೇರೆ.

ಹಿರಿಯರಿಗೆ ಕೇಳಿಸುವಾಗ ಫೋನಿನ ಸ್ಪೀಕರ್ ಸಾಲದು, ಸಣ್ಣ ಬಾಕ್ಸ್ ಒಯ್ಯಿರಿ. ಒಂದು ಸಲಕ್ಕೆ ಒಂದೇ ಪದ ಹಾಕಿ ನಿಲ್ಲಿಸಿ, ಮಾತಾಡಲು ಬಿಡಿ; ಆ ಮಾತನ್ನು ಇನ್ನೊಂದು ಫೋನಿನಲ್ಲಿ ತುಂಬಿಕೊಳ್ಳಿ. ‘ಆಗಿನ ಕಾಲ ಹೆಂಗಿತ್ತು’ ಎಂದು ಕೇಳಿದರೆ ‘ಚಲೋ ಇತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮುಂದಿನ ದನಿ ಯಾರದು, ಹಿಂದೆ ಧ್ವನಿ ಕೂಡಿಸುವವರು ಯಾರು, ದಿಮ್ಮು ಎಂಬ ವಾದ್ಯ ಯಾರ ಕೈಯಲ್ಲಿತ್ತು, ಯಾವ ಊರು ಎಂದು ಕೇಳಿ. ಇಸವಿ ನೆನಪಿಲ್ಲದಿದ್ದರೆ ಯಾರ ಮದುವೆಯ ಮುಂಚೆ, ಯಾವ ಬರಗಾಲದ ನಂತರ ಎಂದರೆ ಸಿಗುತ್ತದೆ. ತತ್ವಪದವಾದರೆ ಕೊನೆಯ ನುಡಿಯಲ್ಲಿ ಬರುವ ಅಂಕಿತವನ್ನು (ಕವಿ ಇಟ್ಟ ಗುರುತಿನ ಹೆಸರು) ಎರಡು ಸಲ ಕೇಳಿ ಬರೆದುಕೊಳ್ಳಿ, ಪದ ಯಾರದೆಂಬುದು ಅಲ್ಲಿ ಗೊತ್ತಾಗುತ್ತದೆ.

ಫೈಲಿನ ಹೆಸರಿನಲ್ಲಿ ಊರು, ಹಾಡಿದವರು, ಕ್ಯಾಸೆಟ್ಟಿನ ಯಾವ ಬದಿ ಎಂಬುದು ಇರಲಿ. ಎರಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ. ತಗಡಿನ ಮಾಳಿಗೆಯ ಕಾವು ತಾಗದ ಕಡೆ, ಸ್ಪೀಕರಿನ ಅಯಸ್ಕಾಂತದಿಂದ ದೂರ, ನಿಲ್ಲಿಸಿ ಇಡಿ.