ಮೆಣಸಿನಕಾಯಿಗೆ ಉದ್ದ, ಉಳ್ಳಾಗಡ್ಡಿಗೆ ತೂಕ: ನಾನು ಹೊಸ ಪಿಕಪ್ ಆರಿಸಿದ್ದು

2023ರ ಏಪ್ರಿಲ್‌ನಲ್ಲಿ ಮಹೀಂದ್ರಾದವರು ಬೊಲೆರೊ ಮ್ಯಾಕ್ಸ್ ಪಿಕಪ್‌ನ ಹೊಸ ಸಾಲು ತಂದಾಗ ಗದಗಿನ ನಮ್ಮ ಗಾಡಿ ಸ್ಟ್ಯಾಂಡಿನಲ್ಲಿ ಎಲ್ಲರ ಮಾತೂ ಮುಂದಿನ ಗ್ರಿಲ್ಲಿನ ಬಗ್ಗೆಯೇ. ನನ್ನ ಲೆಕ್ಕ ಇದ್ದದ್ದು ಕ್ಯಾಬಿನ್ನಿನ ಹಿಂದೆ. ಇಂಜಿನ್ ಅದೇ 2,523 ಸಿಸಿ ಡೀಸೆಲ್, ನಮ್ಮ ಮೆಕ್ಯಾನಿಕ್‌ಗಳಿಗೆ ಬಾಯಿಪಾಠ. ಹಾಗಾಗಿ ಆ ಚಿಂತೆ ಇರಲಿಲ್ಲ.

ನಾನು ಹೇರುವುದು ಎರಡೇ ಮಾಲು. ಮಳೆಗಾಲ ಮುಗಿಯುವಾಗ ಉಳ್ಳಾಗಡ್ಡಿ, ಸಂಕ್ರಾಂತಿ ಕಳೆದ ಮೇಲೆ ಬ್ಯಾಡಗಿಗೆ ಒಣ ಮೆಣಸಿನಕಾಯಿ. ಎರಡರ ಸ್ವಭಾವ ಪೂರಾ ಬೇರೆ. ಉಳ್ಳಾಗಡ್ಡಿ ಐವತ್ತು ಕಿಲೋ ಚೀಲದ ಲೆಕ್ಕಕ್ಕೆ 1.3 ಟನ್ನಿನ ಗಾಡಿಗೆ 26 ಚೀಲ, 2 ಟನ್ನಿನದಕ್ಕೆ 40. ಅಲ್ಲಿಗೆ ತೂಕ ಮುಗಿಯಿತು, ಬಾಡಿಯಲ್ಲಿ ಜಾಗ ಇನ್ನೂ ಇರುತ್ತದೆ. ಮೆಣಸಿನಕಾಯಿಯದು ಉಲ್ಟಾ. ಚೀಲ ಉಬ್ಬಿಕೊಂಡು ಬಾಡಿ ತುಂಬಿ ಮೇಲೆ ಏರುತ್ತದೆ, ಕಾಟಾ ಮೇಲೆ ನಿಂತರೆ ಗಾಡಿ ಹಗುರ. ತೀರಾ ಎತ್ತರಕ್ಕೆ ಒಟ್ಟಿದರೆ ಮೋಟೆಬೆನ್ನೂರಿನ ತಿರುವಿನಲ್ಲಿ ಗಾಡಿ ವಾಲುತ್ತದೆ. ಎತ್ತರ ಬೇಡವೆಂದರೆ ಉದ್ದ ಬೇಕು.

ಟೇಪು ಹಿಡಿದೇ ಶೋರೂಮಿಗೆ ಹೋದೆ. 2 ಟನ್ನಿನ ಮಾದರಿ ಎಚ್‌ಡಿ 2.0ಎಲ್‌ನ ಬಾಡಿ ಉದ್ದ 3,050 ಮಿಲಿಮೀಟರ್, ಅಂದರೆ ಹತ್ತು ಅಡಿ. ಹಳೆಯದು ಒಂಬತ್ತಡಿ ಆಸುಪಾಸು. ಒಂದಡಿ ಹೆಚ್ಚಾದರೆ ಪ್ರತಿ ಥರದಲ್ಲೂ ಒಂದೊಂದು ಚೀಲ ಅಡ್ಡ ಕೂಡುತ್ತದೆ, ಅಷ್ಟರ ಮಟ್ಟಿಗೆ ಮೇಲಿನ ಒಟ್ಟು ಇಳಿಯುತ್ತದೆ. ಹೊರಡುವ ಮೊದಲು ಪೇಟೆಯ ಹಿರಿಯ ಹಮಾಲರೊಬ್ಬರನ್ನು ಕೇಳಿದ್ದೆ. “ತಮ್ಮಾ, ಮಾರಿ ಏನ್ ನೋಡ್ತಿ? ಬಾಡಿ ನೆಲದಿಂದ ಎಷ್ಟ್ ಎತ್ತರ ಐತಿ ನೋಡ. ಚೀಲ ಹೊರಾವ್ರು ನಾವು” ಅಂದರು. ಹಿಂದಿನ ಫಾಳಕ ಇಳಿಸಿ ಅದನ್ನೂ ಅಳೆದೆ; ಹೆಗಲ ಮೇಲಿನ ಚೀಲ ಬಗ್ಗದೆ ಜಾರಿಸುವಷ್ಟು ಎತ್ತರ. ಅವರ ಮಾತಿಗೆ ನಾನು ಕಂಪನಿ ಕಾಗದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಆ ಹತ್ತಡಿಯ ಗಾಡಿಯನ್ನೇ ತೆಗೆದುಕೊಂಡೆ. ಡ್ರೈವರ್ ಸೀಟು ಮೇಲೆ ಕೆಳಗೆ ಮಾಡಬಹುದು, ಬೆನ್ನಿಗೆ ಒಳ್ಳೆಯದಾಯಿತು. ಐಮ್ಯಾಕ್ಸ್ ಎಂಬ ಸೌಲಭ್ಯದಿಂದ ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಬ್ಯಾಡಗಿ ಮಾರುಕಟ್ಟೆಯ ಸೋಮವಾರ, ಗುರುವಾರ ಸಾಲು ಕರಗುವುದಿಲ್ಲ. ಗಾಡಿ ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಿಕೊಳ್ಳುವುದರಿಂದ ಮನೆಯವರು ಫೋನ್ ಮಾಡುವುದು ಕಡಿಮೆಯಾಗಿದೆ.

ಉದ್ದದ ಗಾಡಿ ರೋಣದ ಕಡೆಯ ಹಳ್ಳಿ ಓಣಿಗಳಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಅಂಥಲ್ಲಿ ಅಗಸಿ ಹತ್ತಿರವೇ ನಿಲ್ಲಿಸಿ ಮಾಲು ತರಿಸಿಕೊಳ್ಳುತ್ತೇನೆ. ಬರೀ ಉಳ್ಳಾಗಡ್ಡಿ, ಅದೂ ಸಣ್ಣ ಲೋಡು ಹೇರುವವರಿಗೆ 1.3 ಟನ್ನಿನದೇ ಸಾಕು. ಹತ್ತಡಿ ತೆಗೆದುಕೊಳ್ಳುವವರು ತಾಡಪಾಲನ್ನೂ ಹೊಸದಾಗಿ ಹೊಲಿಸಬೇಕು, ಹಳೆಯದು ಮುಟ್ಟುವುದಿಲ್ಲ.